ಡಬ್ಬಿಗೆ ಬಂದ ಕಾಯ್ದೆ

ಬೋಳಾರದ ಸಾಲುಮನೆಗಳಿಗೆ ಬಣ್ಣ ಬಳಿದವನು ನಾನೇ,
ಹಂಚಿನ ಕಾರ್ಖಾನೆಯ ಸೈರನ್ ನಿಂತ ಮರುವರ್ಷ.
ಬಾಗಿಲಿಗೆ ಹಸಿರು, ಕಿಟಕಿಯ ಸರಳಿಗೆ ಹಳದಿ,
ಹಣ್ಣಾದ ನೇಂದ್ರದ ಹಳದಿ.
"ಲೋಲಾಕ್ಷಾ, ಉಪ್ಪುಗಾಳಿ ಉಂಟು, ಎರಡು ಕೈ ಹೊಡಿ"
ಎಂದಿದ್ದರು ಬೆನೆಡಿಕ್ಟಾ ಬಾಯಿ.
ನಾನು ಮೂರು ಹೊಡೆದೆ.
ಆಗ ಒಳ್ಳೆಯ ಕೆಲಸ ಎಂದರೆ ಅದು.

ಮೊನ್ನೆ ಫೋನು. ನಾಲ್ಕನೇ ಮನೆಯ ರಮ್ಲತ್,
ಬೀಡಿ ಕಟ್ಟುವವಳು, ಮೊರದಿಂದ ತಲೆ ಎತ್ತದವಳು.
ಮಗಳು ಶಹಲಾ, ಒಂದೂಮುಕ್ಕಾಲು ವರ್ಷ,
ಹಲ್ಲು ಬರುವಾಗ ಕಿಟಕಿ ಹಿಡಿದು ನಿಂತು
ಸರಳು ಚೀಪಿದ್ದಾಳೆ.
ಯಾರು ಬೇಡ ಅನ್ನುತ್ತಾರೆ? ಆಚೆ ಹೊಳೆ, ದೋಣಿ, ಕೊಕ್ಕರೆ,
ಈಚೆ ಬಾಯಳತೆಗೆ ಹಳದಿ.
ರಕ್ತದ ಚೀಟಿಯಲ್ಲಿ ಸೀಸ ಮೂವತ್ತೊಂದು.
ಐದಾದರೇ ಎಚ್ಚರ ಬೇಕು ಎಂದರಂತೆ ಕಂಕನಾಡಿಯ ಡಾಕ್ಟರು.

ಕಾಯ್ದೆ ಉಂಟಲ್ಲ, ಅಂದೆ. ನನಗೂ ಗೊತ್ತು.
ಬಂದರಿನ ಅಂಗಡಿಯಲ್ಲಿ ಹೊಸ ಡಬ್ಬಿ ತಿರುಗಿಸಿ ಓದಿದ್ದೇನೆ:
ಹತ್ತು ಲಕ್ಷ ಪಾಲಿಗೆ ಸೀಸ ತೊಂಬತ್ತು ಮೀರಬಾರದು.
ಪಾಲಿಕೆಗೆ ಹೋದೆವು, ನಾನು, ರಮ್ಲತ್, ಸೊಂಟದಲ್ಲಿ ಶಹಲಾ.
ಗುಮಾಸ್ತ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ,
ಪುಟ ತಿರುವಿದ, ಕನ್ನಡಕ ಒರೆಸಿ ಮತ್ತೆ ತಿರುವಿದ.
"ಇದು ಬಣ್ಣ ಮಾಡುವವರಿಗೆ, ಮಾರುವವರಿಗೆ.
ಬಳಿದು ಒಣಗಿದ್ದಕ್ಕೆ ಸೆಕ್ಷನ್ ಇಲ್ಲ ಮಾರಾಯ್ರೆ."

ಅಂದರೆ ಕಾಯ್ದೆ ಡಬ್ಬಿಯವರೆಗೆ ಬಂದಿದೆ,
ಕಿಟಕಿಗೆ ಬಂದಿಲ್ಲ.
ಅಷ್ಟರಲ್ಲಿ ಶಹಲಾ ಅವನ ಪೇಪರ್‌ವೇಟು ಎತ್ತಿ ಬಾಯಿಗಿಟ್ಟಳು.
ಮೂವರೂ ಒಟ್ಟಿಗೆ ಕೈ ಚಾಚಿದೆವು.

ಹಾಗಾಗಿ ನಾನೇ ಬಂದೆ, ಕೂಲಿ ಬೇಡ ಎಂದು.
ಒಣಗಿದ್ದನ್ನು ಹಾಗೇ ಉಜ್ಜಬಾರದಂತೆ, ಧೂಳು ಏಳುತ್ತದೆ;
ನೀರು ಚಿಮುಕಿಸಿ, ನೆನೆಸಿ, ಮೆಲ್ಲ ಹೆರೆಯಬೇಕು.
ಮೂವತ್ತು ವರ್ಷ ಒಣಗಿದ್ದನ್ನೇ ಉಜ್ಜಿದವನು ನಾನು,
ಮೂಗಿಗೊಂದು ಬೈರಾಸು ಕೂಡ ಕಟ್ಟದೆ.
ಮೂರು ಕೈ. ಮೂರನ್ನೂ ತೆಗೆಯಬೇಕು.
ಒಳ್ಳೆಯ ಕೆಲಸ ಬೇಗ ಬಿಟ್ಟು ಬರುವುದಿಲ್ಲ.
ಸಿಹಿಯಂತೆ ಅದು,
ಮಕ್ಕಳು ಉಗುಳುವುದಿಲ್ಲವಂತೆ.

ಸುಧೇಶ, ನನ್ನ ಮಗ,
ಸಂಜೆ ಬಾಗಿಲಲ್ಲೇ ಮೈಮೇಲೆ ಹತ್ತುತ್ತಿದ್ದ.
ಅಂಗಿಗೆ ಮುಖ ಒತ್ತಿ, ಕೆರೆದು, ಇವತ್ತು ಯಾವ ಬಣ್ಣ ಅಪ್ಪ?
ಏಳರ ಮಗ್ಗಿ ಅವನಲ್ಲಿ ನಿಲ್ಲಲೇ ಇಲ್ಲ.
ಏಳೆಂಟ್ಲ, ಏಳೆಂಟ್ಲ, ಅಲ್ಲಿಗೇ ಬಾಯಿ ಕಟ್ಟಿತು.
ಮೇಷ್ಟ್ರು ಹೊಡೆದರು.
ಮಂಡೆಯಲ್ಲಿ ಎಂತ ತುಂಬಿಸಿದ್ದಿ ಎಂದು ನಾನೂ ಹೊಡೆದೆ.
ಸೀಸದಕಡ್ಡಿ ಕಚ್ಚಬೇಡ, ವಿಷ, ಎಂದು
ಅವನ ಅಮ್ಮ ಕಸಿದು ಇಡುತ್ತಿದ್ದಳು.
ಸೀಸದಕಡ್ಡಿಯಲ್ಲಿ ಸೀಸವೇ ಇಲ್ಲವಂತೆ. ಡಾಕ್ಟರೇ ಹೇಳಿದ್ದು.

ಅವನ ರಕ್ತ ಯಾರೂ ನೋಡಲಿಲ್ಲ.
ಆಗಿರಲೂಬಹುದು, ಅಲ್ಲದಿರಲೂಬಹುದು.
ಈಗ ದಕ್ಕೆಯ ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಹೊರುತ್ತಾನೆ,
ಲೆಕ್ಕ ಇನ್ನೊಬ್ಬ ಬರೆಯುತ್ತಾನೆ.

ಹೆರೆದದ್ದು ಒಂದೂವರೆ ಕಿಲೋ. ಎಲ್ಲಿ ಹಾಕಲಿ?
ಗುಮಾಸ್ತನಿಗೆ ಫೋನು ಮಾಡಿದೆ, "ನೋಡಿ ಹೇಳ್ತೇನೆ" ಅಂದ.
ಹೊಳೆ ಹತ್ತಿರವೇ ಉಂಟು. ಹೊಳೆಯ ಬದಿಯಲ್ಲೂ ಮಕ್ಕಳುಂಟು.
ಬೋಳು ಕಬ್ಬಿಣ ನೋಡಿ ಶಹಲಾ ಅತ್ತಳು,
ಯಾರೋ ಅವಳದ್ದೇನೋ ಕದ್ದ ಹಾಗೆ.
ಪೊಟ್ಟಣ ಸ್ಕೂಟರಿನ ಡಿಕ್ಕಿಯಲ್ಲೇ ಉಳಿಯಿತು.

ಮನೆಗೆ ಬಂದಾಗ ಸುಧೇಶ ಊಟಕ್ಕೆ ಕೂತಿದ್ದ.
"ಹೊರಗೆ ಯಾಕೆ ನಿಂತಿದ್ದೀರಿ ಅಪ್ಪ, ಬನ್ನಿ."
ತಡಿ, ಅಂದೆ. ಅಂಗಿ ಬಿಚ್ಚಿ ಅಂಗಳದ ನಳ್ಳಿಯಡಿ ಹಾಕಿದೆ.
ಕೈ ತೊಳೆದೆ. ಉಗುರಿನ ಸಂದಿ ತೊಳೆದೆ, ಮತ್ತೆ ತೊಳೆದೆ.
ನೀರು ಬಹಳ ಹೊತ್ತು ಹಳದಿಯಾಗಿಯೇ ಹೋಯಿತು.
ಸ್ನಾನ ಮಾಡಿ ಬರುತ್ತೇನೆ ಮಗಾ, ಅಂದೆ.
ನೀನು ಉಣ್ಣು.